ಅಳಿದುಳಿದ ಕಟ್ಟಿಗೆಯ ಲೆಕ್ಕ: ಕಲ್ಯಾಣದ ಬಾಚಿಯಿಂದ ಚಹಾ ಕಪ್ಪಿನ ಮಣೆಯವರೆಗೆ

ಬಾಗಿಲ ಚೌಕಟ್ಟು ಮಾಡಿ ಮುಗಿಸಿದ ಮೇಲೆ ಬಡಿಗರ ಅಂಗಡಿಯಲ್ಲಿ ಏನು ಉಳಿಯುತ್ತದೆ? ಗೇಣುದ್ದದ ಸಾಗುವಾನಿ ತುಂಡು, ಬೇವಿನ ಹಲಗೆಯ ಅಂಚು, ಜಾಲಿಯ ಚಕ್ಕೆ, ಒಂದಷ್ಟು ಹೊಟ್ಟು. ಬಸವಕಲ್ಯಾಣ, ಹುಮನಾಬಾದ್ ಕಡೆ ಇದೆಲ್ಲ ಚೀಲ ತುಂಬಿ ಒಲೆಗೆ ಹೋಗುವುದನ್ನೇ ನಾವು ಚಿಕ್ಕಂದಿನಿಂದ ನೋಡಿದ್ದು. ಇಂಥದ್ದೇ ತುಂಡುಗಳನ್ನು ನಾಲ್ಕು ಇಂಚು ಚೌಕ ಕೊಯ್ದು, ತಿಕ್ಕಿ ನುಣುಪು ಮಾಡಿ, ಎಣ್ಣೆ ಹಚ್ಚಿ ಈಗ ಮೊಬೈಲ್‌ನಲ್ಲಿ ಮಾರುತ್ತಾರೆ. ಹೆಸರು ಕೋಸ್ಟರ್. ಚಹಾ ಕಪ್ಪಿನ ಅಡಿಗೆ ಇಡುವ ಪುಟ್ಟ ಮಣೆ, ಅಷ್ಟೇ.

ಇದು ಹೊರಗಿನಿಂದ ಬಂದ ಹೊಸ ವಿದ್ಯೆಯೇ? ವಸ್ತು ಹೊಸದು ನಿಜ. ಆದರೆ ಉಳಿದ ಕಟ್ಟಿಗೆಗೆ ಬೆಲೆ ಕಟ್ಟುವ ಬುದ್ಧಿ ನಮ್ಮ ನೆಲದಲ್ಲಿ ಹಳೆಯದು.

ಶರಣರ ಕಾಲದ ಕಟ್ಟಿಗೆ

12ನೇ ಶತಮಾನದ ಕಲ್ಯಾಣದಲ್ಲಿ ಕಸುಬಿನ ಹೆಸರಿನಿಂದಲೇ ಜನರನ್ನು ಕರೆಯುತ್ತಿದ್ದರು. ಬಾಚಿ ಕಾಯಕದ ಬಸವಯ್ಯನವರು ಬಡಿಗರು. ಬಾಚಿ ಎಂದರೆ ಮರ ಕೆತ್ತುವ ಸಾಧನ, ಇವತ್ತಿಗೂ ನಮ್ಮ ಬಡಿಗರ ಕೈಯಲ್ಲಿ ಇರುವಂಥದ್ದು. ಅವರ ಹೆಂಡತಿ ಕಾಳವ್ವೆಯವರೂ ವಚನ ಬರೆದವರು.

ಮೋಳಿಗೆ ಮಾರಯ್ಯನವರ ಹೆಸರಿನ 'ಮೋಳಿಗೆ' ಎಂದರೆ ಕಟ್ಟಿಗೆಯ ಹೊರೆ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದು ಅವರು ಇಲ್ಲಿ ಕಟ್ಟಿಗೆ ಮಾರಿ ಬದುಕಿದರು ಎಂಬುದು ಪರಂಪರೆಯ ಕಥೆ. ಹುಮನಾಬಾದ್ ತಾಲೂಕಿನ ಮೋಳಕೇರಾ ಅವರ ಊರು ಎಂದು ಜನ ನಂಬುತ್ತಾರೆ.

ಉಳಿದದ್ದರ ಲೆಕ್ಕ ಕಲಿಸಿದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ. ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಹಾಕಿ ಬನ್ನಿ ಎಂದು ಲಕ್ಕಮ್ಮ ತಿರುಗಿ ಕಳಿಸಿದರು. ಬಿದ್ದದ್ದನ್ನು ಆಯುವುದು ಕೀಳಲ್ಲ, ಅದಕ್ಕೂ ಒಂದು ಮಿತಿ ಇದೆ ಎಂದು ಕಲ್ಯಾಣ ಎಂಟು ನೂರು ವರ್ಷದ ಹಿಂದೆಯೇ ಹೇಳಿತ್ತು.

ಒಲೆ ತಿಂದ ಇತಿಹಾಸ

ಕಲ್ಲಿನ ಕೆಲಸ ಉಳಿದಂತೆ ಮರದ ಕೆಲಸ ಉಳಿಯುವುದಿಲ್ಲ. ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ 16ನೇ ಶತಮಾನದ ಬರೀದ್ ಶಾಹಿ ಕಾಲದ ಕೆತ್ತನೆಯ ಮರದ ಕಂಬಗಳು ಇನ್ನೂ ನಿಂತಿವೆ. ಅರಮನೆಯ ಕಂಬ ಉಳಿಯಿತು. ಅದೇ ಕಾಲದ ಬಡವರ ಮನೆಯ ಮಣೆ, ಲಟ್ಟಣಿಗೆಗಳು ಮುರಿದ ದಿನವೇ ಒಲೆ ಸೇರಿರಬೇಕು.

ವಸ್ತು ಹೋದರೂ ಹೆಸರು ಉಳಿದಿದೆ. ಅಡ್ಡಣಿಗೆ ನೆನಪಿದೆಯೇ? ಊಟದ ತಟ್ಟೆ ಇಡುವ ಮೂರು ಕಾಲಿನ ಪೀಠ. ತಟ್ಟೆ ನೆಲಕ್ಕೆ ತಾಗಬಾರದು ಎಂದು ಅದರ ಮೇಲೆ ಇಡುತ್ತಿದ್ದರು. ಲಿಂಗಾಯತ ಮನೆಗಳಲ್ಲಿ ಪ್ರಸಾದದ ತಟ್ಟೆಗೆ ಅದು ಬೇಕೇ ಬೇಕಿತ್ತು. ಕಪ್ಪಿಗೆ ಕೋಸ್ಟರ್ ಹೇಗೋ, ತಟ್ಟೆಗೆ ಅಡ್ಡಣಿಗೆ ಹಾಗೆ. ಬಿಂದಿಗೆಗೆ ಸಿಂಬಿ, ಕೂಡಲು ಮಣೆ, ರೊಟ್ಟಿ ಬಡಿಯಲು ಕೊಣಮಿಗೆ, ಮಕ್ಕಳಿಗೆ ಬುಗುರಿ. ಇವುಗಳಲ್ಲಿ ಮರದ ಸಣ್ಣ ಸಾಮಾನಿಗೆ ಇಡೀ ಮರ ಕಡಿಯುವ ಅಗತ್ಯವೇ ಇರಲಿಲ್ಲ. ದೊಡ್ಡ ಕೆಲಸದಲ್ಲಿ ಉಳಿದ ತುಂಡು ಸಾಕಾಗುತ್ತಿತ್ತು.

ಮರ ರೈತನದು, ಕೈ ಬಡಿಗನದು

ಆ ದೊಡ್ಡ ಕೆಲಸ ಯಾವುದು? ನೇಗಿಲು, ನೊಗ, ಕೂರಿಗೆ, ಕುಂಟಿ, ಬಂಡಿ. ಹೊಲದ ಬದುವಿನ ಜಾಲಿ ಮರವನ್ನು ರೈತ ಕೊಡುತ್ತಿದ್ದ, ಬಡಿಗ ಕೆತ್ತಿ ಕೊಡುತ್ತಿದ್ದ. ಕೂಲಿ ರೊಕ್ಕದಲ್ಲಿ ಅಲ್ಲ, ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಜೋಳದಲ್ಲಿ. ಇದೇ ಆಯ. ಮರಾಠಿ ಸೀಮೆಯಲ್ಲಿ ಇದಕ್ಕೆ ಬಲುತೆ ಎನ್ನುತ್ತಾರೆ.

ಇದನ್ನು ಸುವರ್ಣಯುಗ ಎಂದು ನಾವು ಹೇಳುವುದಿಲ್ಲ. ಮಳೆ ಹೋದ ವರ್ಷ ಕಣವೂ ಖಾಲಿ, ಬಡಿಗರ ಮನೆಯ ಗುಮ್ಮಿಯೂ ಖಾಲಿ. ಮಗ ಬೇರೆ ಕಸುಬು ಹಿಡಿಯುವ ದಾರಿಯೂ ಸುಲಭ ಇರಲಿಲ್ಲ. ಆದರೆ ವರ್ಷವಿಡೀ ಕೆಲಸ ಇತ್ತು.

1956ರ ನವೆಂಬರ್ 1ರಂದು ಬೀದರ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಕನ್ನಡ ರಾಜ್ಯಕ್ಕೆ ಸೇರಿತು. ಮುಂದಿನ ದಶಕಗಳಲ್ಲಿ ಕಬ್ಬಿಣದ ನೇಗಿಲು ಬಂತು, ಟೈರಿನ ಬಂಡಿ ಬಂತು, ಟ್ರ್ಯಾಕ್ಟರ್ ಬಂತು. ಕೊನೆಗೆ ಕಾರ್ಖಾನೆಯ ಪ್ಲೈವುಡ್ ಬಾಗಿಲು. ಎತ್ತು ಹೋದ ಮನೆಗೆ ನೊಗ ಯಾಕೆ ಬೇಕು? ದೊಡ್ಡ ಕೆಲಸ ಹೋದಾಗ ಆಯವೂ ಹೋಯಿತು. ಅಡ್ಡಣಿಗೆಯ ಜಾಗಕ್ಕೆ ಸ್ಟೀಲ್, ಪ್ಲಾಸ್ಟಿಕ್ ಬಂದವು. ಉಳಿದ ತುಂಡಿಗೆ ಒಲೆಯೊಂದೇ ಗತಿಯಾಯಿತು.

ತುಂಡಿನಿಂದ ಮಣೆ

ಕೋಸ್ಟರ್ ಕೆಲಸ ಸಣ್ಣದು, ಆದರೆ ಮರದ ಗುಣ ಗೊತ್ತಿರಬೇಕು. ಕೊಂಬೆಯನ್ನು ಸೌತೆಕಾಯಿಯಂತೆ ದುಂಡಗೆ ಬಿಲ್ಲೆ ಕೊಯ್ದರೆ ನೋಡಲು ಚೆಂದ. ಒಣಗುತ್ತಾ ಹೋದಂತೆ ಅದು ನಡುವಿನಿಂದ ಅಂಚಿಗೆ ಸೀಳುತ್ತದೆ, ಏಕೆಂದರೆ ಮರ ಸುತ್ತಳತೆಯಲ್ಲಿ ಹೆಚ್ಚು ಕುಗ್ಗುತ್ತದೆ. ಬಂಡಿಯ ಗಾಲಿಯನ್ನು ಒಂದೇ ಬಿಲ್ಲೆಯಲ್ಲಿ ಮಾಡದೆ ತುಂಡು ಜೋಡಿಸಿ ಕಟ್ಟಿದ ನಮ್ಮ ಬಡಿಗರಿಗೆ ಮರದ ಈ ಸ್ವಭಾವ ಗೊತ್ತಿತ್ತು. ಚೆನ್ನಾಗಿ ಒಣಗಿದ ತುಂಡನ್ನು ಎಳೆಯ ಉದ್ದಕ್ಕೆ ಕೊಯ್ಯಬೇಕು. ದಪ್ಪ ಅರ್ಧ ಇಂಚು. ಮೊದಲು 80, ಆಮೇಲೆ 120, ಕೊನೆಗೆ 220 ನಂಬರಿನ ಉಜ್ಜುಕಾಗದ.

ನೀರು ಹಿಡಿಯದಂತೆ ಹಚ್ಚಲು ಅಗಸಿ ಎಣ್ಣೆ ಒಳ್ಳೆಯದು. ಅದು ಒಣಗಿ ಗಟ್ಟಿ ಪದರವಾಗುತ್ತದೆ, ಒಳ್ಳೆಣ್ಣೆ, ಶೇಂಗಾ ಎಣ್ಣೆ ಹಾಗೆ ಆಗುವುದಿಲ್ಲ. ಒಂದು ಎಚ್ಚರಿಕೆ: ಅಗಸಿ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಹರಡಿ ಒಣಗಿಸಿ.

ಬೆಲೆ ಕಟ್ಟುವವರು ಯಾರು?

ಕೋಸ್ಟರಿನಿಂದ ಬಡಿಗರ ಮನೆ ನಡೆಯುತ್ತದೆ ಎಂದು ನಾವು ಆಸೆ ತೋರಿಸುವುದಿಲ್ಲ. ಮೂಲ ಪ್ರಶ್ನೆ ಬೇರೆ. ತುಂಡು ಪುಕ್ಕಟೆ ಎಂದು ಕೈಕೆಲಸವನ್ನೂ ಪುಕ್ಕಟೆ ಎಣಿಸಿದರೆ, ಲಾಭ ಮಾರುವವನಿಗೆ, ಹೊಟ್ಟು ಬಡಿಗನಿಗೆ. ಕೊಯ್ದ, ತಿಕ್ಕಿದ, ಎಣ್ಣೆ ಹಚ್ಚಿದ ಗಂಟೆಗಳನ್ನು ದಿನಗೂಲಿಯ ಲೆಕ್ಕದಲ್ಲೇ ಬೆಲೆಗೆ ಸೇರಿಸಬೇಕು. ಆಯದ ಕಾಲದಲ್ಲಿ ಬೆಲೆ ಹೇಳುವ ಹಕ್ಕು ಬಡಿಗನಿಗೆ ಇರಲಿಲ್ಲ. ಈಗ ಇದೆ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಇದೆ. ಉಪಕರಣಕ್ಕೆ 15,000 ರೂಪಾಯಿ ನೆರವು, ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲ ಎಂದು ಅದರಲ್ಲಿ ಹೇಳಲಾಗಿದೆ. ನಿಮ್ಮ ಹತ್ತಿರದ ಸಿಎಸ್‌ಸಿ ಕೇಂದ್ರದಲ್ಲಿ ವಿಚಾರಿಸಿ.

ಇನ್ನೊಂದು ಕೆಲಸ ನಿಮ್ಮ ಮನೆಯಲ್ಲೇ ಇದೆ. ಅಟ್ಟದ ಮೇಲೆ ಹಳೆಯ ಅಡ್ಡಣಿಗೆ, ಕೂರಿಗೆಯ ಬಟ್ಟಲು, ಮುರಿದ ಮಣೆ ಇದ್ದರೆ ಒಲೆಗೆ ಹಾಕುವ ಮೊದಲು ಒಂದು ಫೋಟೊ ತೆಗೆಯಿರಿ. ಯಾವ ಮರ, ಯಾರು ಮಾಡಿದ್ದು, ಎಷ್ಟು ಜೋಳ ಕೊಟ್ಟಿದ್ದಿರಿ ಎಂದು ಮನೆಯ ಹಿರಿಯರನ್ನು ಕೇಳಿ, ಹೇಳಿದ್ದನ್ನು ಬರೆದಿಡಿ.