ರೋಶಾಂಬೋ ದಂಡಿನ ಪಾಳೆಯ ನಕ್ಷೆಗಳು

ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಜಾರ್ಜ್ ವಾಷಿಂಗ್ಟನ್‌ಗೆ ನೆರವಾಗಲು ಬಂದ ಫ್ರೆಂಚ್ ಸೇನೆ ತಾನು ತಂಗಿದ ಬಿಡಾರಗಳನ್ನೆಲ್ಲ ನಕ್ಷೆಯಾಗಿ ಬರೆದಿಟ್ಟುಕೊಂಡಿತ್ತು. ಮುದ್ರಣಕ್ಕೆಂದು ರಚಿತವಾಗದ ಈ ಹಸ್ತಚಿತ್ರಗಳು 18ನೇ ಶತಮಾನದ ಸೇನಾ ಭೂಪಟಗಳಲ್ಲಿ ಉನ್ನತ ಸ್ಥಾನ ಪಡೆದಿವೆ.

ಕೌಂಟ್ ಡಿ ರೋಶಾಂಬೋ ನೇತೃತ್ವದ ಸುಮಾರು 5,500 ಯೋಧರು 1780ರ ಜುಲೈನಲ್ಲಿ ನ್ಯೂಪೋರ್ಟ್‌ನಲ್ಲಿ ಬಂದಿಳಿದರು. ಮರುವರ್ಷ ದಕ್ಷಿಣಕ್ಕೆ ಸಾಗಿ, ವಾಷಿಂಗ್ಟನ್ ಪಡೆಯೊಡಗೂಡಿ ಯಾರ್ಕ್‌ಟೌನ್‌ಗೆ ಮುತ್ತಿಗೆ ಹಾಕಿದರು. 1781ರ ಅಕ್ಟೋಬರ್ 19ರಂದು ಕಾರ್ನ್‌ವಾಲಿಸ್‌ನ ಬ್ರಿಟಿಷ್ ಸೇನೆ ಶರಣಾಯಿತು. (1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪು ಸುಲ್ತಾನನ ಅರ್ಧ ರಾಜ್ಯವನ್ನು ಕಿತ್ತುಕೊಂಡವನೂ ಇದೇ ಕಾರ್ನ್‌ವಾಲಿಸ್.)

ನಕ್ಷೆಗಳ ಅಗತ್ಯ ಹುಟ್ಟಿದ್ದು ನಡಿಗೆಯ ಕ್ರಮದಿಂದ. ಬೂರ್ಬೋನೆ, ರಾಯಲ್ ದೂ-ಪೋಂ, ಸ್ವಾಸೋನೆ, ಸೆಂತೋಂಜ್ ಎಂಬ ನಾಲ್ಕು ರೆಜಿಮೆಂಟುಗಳು ಒಂದೊಂದು ದಿನದ ಅಂತರದಲ್ಲಿ ಹೊರಡುತ್ತಿದ್ದವು. ಮುಂದಿನ ತಂಡ ಬಿಟ್ಟ ಜಾಗಕ್ಕೇ ಹಿಂದಿನದು ಬಂದು ಸೇರಬೇಕು. ಅಲ್ಲಿ ನೀರು, ಸೌದೆ, ಕುದುರೆ-ಎತ್ತುಗಳಿಗೆ ಮೇವು, ಡೇರೆಗೆ ಒಣನೆಲ ಎಲ್ಲವೂ ಇರಬೇಕು. ಅಪರಿಚಿತ ದೇಶದಲ್ಲಿ ನಂಬಬಹುದಾದ ರಸ್ತೆ ನಕ್ಷೆಗಳಿರಲಿಲ್ಲ. ಆದ್ದರಿಂದ ಅಧಿಕಾರಿಗಳೇ ದಾರಿಯನ್ನು ಅಳೆದು, ತಿರುವು, ಸೇತುವೆ, ಹೊಳೆದಾಟುಗಳ ವಿವರವನ್ನು ಬರಹದಲ್ಲಿಯೂ ಬಿಡಾರವನ್ನು ಬಣ್ಣದಲ್ಲಿಯೂ ದಾಖಲಿಸಿದರು. ಗುಡ್ಡಗಳ ಇಳಿಜಾರಿಗೆ ಕುಂಚದ ನೆರಳು, ಪಡೆಗಳಿಗೆ ಸಾಲು ಚೌಕಗಳು. ಅಳತೆ ಫ್ರೆಂಚರ ತ್ವಾಸ್‌ನಲ್ಲಿ, ಅಂದರೆ ಹೆಚ್ಚುಕಡಿಮೆ ಎರಡು ಮೀಟರಿಗೆ ಒಂದು. ರಸ್ತೆಯ ಆಸುಪಾಸು ನಿಖರ. ದೂರದ ಕಾಡು-ಬೆಟ್ಟಗಳನ್ನು ಅಷ್ಟೇ ನಂಬುವುದು ತರವಲ್ಲ.

ಈ ನಕ್ಷೆಕಾರರಲ್ಲಿ ಪ್ರಸಿದ್ಧನು ಲೂಯಿ-ಅಲೆಕ್ಸಾಂದ್ರ್ ಬೆರ್ತಿಯೆ. ವರ್ಸೇಲ್ಸ್‌ನಲ್ಲಿ 1753ರಲ್ಲಿ ಜನಿಸಿದ ಈತನ ತಂದೆಯೇ ಸೇನೆಯ ಭೂಮಾಪಕ ಎಂಜಿನಿಯರ್. ಮುಂದೆ ನೆಪೋಲಿಯನ್ನನ ಸೇನಾ ಸಿಬ್ಬಂದಿಯ ಮುಖ್ಯಸ್ಥನಾಗಿ, 1804ರಲ್ಲಿ ಮಾರ್ಷಲ್ ಪದವಿಗೇರಿದ. ಲಕ್ಷಾಂತರ ಸೈನಿಕರ ಚಲನವಲನವನ್ನು ಕಾಗದದ ಮೇಲೆ ಹೊಂದಿಸುವ ಅವನ ಖ್ಯಾತ ನೈಪುಣ್ಯಕ್ಕೆ ಅಮೆರಿಕದ ಹಳ್ಳಿದಾರಿಗಳು ಪಾಠಶಾಲೆಯಾಗಿದ್ದುವೆನ್ನಬಹುದು. ಅವನ ನಕ್ಷೆಗಳು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿವೆ. 1972ರಲ್ಲಿ ಎರಡು ಸಂಪುಟಗಳ ಗ್ರಂಥದಲ್ಲಿ ಬೆಳಕು ಕಂಡವು.

ವಾಷಿಂಗ್ಟನ್ ನಗರದ ಲೈಬ್ರರಿ ಆಫ್ ಕಾಂಗ್ರೆಸ್ 1883ರಲ್ಲಿ ರೋಶಾಂಬೋನ ಸ್ವಂತ ಸಂಗ್ರಹವನ್ನು ಖರೀದಿಸಿತು. 40 ಹಸ್ತಚಿತ್ರಿತ ಹಾಗೂ 26 ಮುದ್ರಿತ ನಕ್ಷೆಗಳ ಜೊತೆಗೆ ಅದರಲ್ಲೊಂದು ಹಸ್ತಲಿಖಿತ ಅಟ್ಲಾಸ್ ಇದೆ. 1782ರ ಮರುಪಯಣದ ಪಾಳೆಯಗಳು ಅದರ ವಸ್ತು.

ಕದನಭೂಮಿಗೆ ಸ್ಮಾರಕವೇಳುತ್ತದೆ, ಒಂದೆರಡು ರಾತ್ರಿಯ ಬಿಡಾರಕ್ಕೆ ನೆಲದ ಮೇಲೆ ಗುರುತೇ ಉಳಿಯುವುದಿಲ್ಲ. ಅನೇಕ ಪಾಳೆಯಗಳ ಮೇಲೆ ಇಂದು ಬಡಾವಣೆ, ಹೆದ್ದಾರಿಗಳು ಹಬ್ಬಿವೆ. ಉಳಿದವನ್ನು ಹುಡುಕುವ ಪುರಾತತ್ತ್ವಜ್ಞರಿಗೆ ಈ ನಕ್ಷೆಗಳೇ ಕೈದೀವಿಗೆ. ಕನೆಕ್ಟಿಕಟ್‌ನ ಬೋಲ್ಟನ್‌ನಲ್ಲಿ ಅಂಥದೊಂದು ಪಾಳೆಯದ ಹೊಲ ಕಟ್ಟಡಗಳ ಪಾಲಾಗದೆ ಸಾರ್ವಜನಿಕ ಆಸ್ತಿಯಾಗಿ ಉಳಿದಿದೆ. ದಂಡು ನಡೆದ 680 ಮೈಲಿಗೂ ಮಿಕ್ಕ ಹಾದಿಯನ್ನು 2009ರಲ್ಲಿ ರಾಷ್ಟ್ರೀಯ ಐತಿಹಾಸಿಕ ಪಥವೆಂದು ಘೋಷಿಸಲಾಯಿತು.