ಮೈಮೇಲೆ ಎರಗುವ ಹುಂಜ: ಕಾರಣ ಮತ್ತು ಪರಿಹಾರ

ಬಂಟ್ವಾಳ ತಾಲ್ಲೂಕಿನ ಕನ್ಯಾನ ಕೇರಳದ ಗಡಿಯ ಸಮೀಪದಲ್ಲಿರುವ ಗ್ರಾಮ. ಕರಾವಳಿಯ ಇತರ ಒಳನಾಡು ಗ್ರಾಮಗಳಂತೆ ಇಲ್ಲಿಯೂ ಅಡಿಕೆ ತೋಟದ ನಡುವಿನ ಮನೆಯಂಗಳದಲ್ಲಿ ನಾಲ್ಕಾರು ಹೇಂಟೆಗಳೂ ಒಂದು ಹುಂಜವೂ ಕಾಣಸಿಗುವುದು ಸಾಮಾನ್ಯ. ಈ ಹುಂಜವೇ ಮನೆಯವರ ಮೇಲೆ ಎರಗತೊಡಗಿದರೆ ಅದು ನಗೆಯ ವಿಷಯವಾಗಿ ಉಳಿಯುವುದಿಲ್ಲ. ದೊಡ್ಡವರ ಮೊಣಕಾಲಿಗೆ ತಾಗುವ ಪೆಟ್ಟು ಎರಡು ವರ್ಷದ ಮಗುವಿನ ಕಣ್ಣಿಗೆ ತಾಗಬಹುದು. ವೃದ್ಧರು ಗಾಬರಿಯಿಂದ ಜಾರಿ ಬಿದ್ದು ಮೂಳೆ ಮುರಿದುಕೊಳ್ಳಬಹುದು. ಆಸ್ಟ್ರೇಲಿಯಾದಲ್ಲಿ ಹುಂಜವೊಂದು ಕುಕ್ಕಿದಾಗ ಕಾಲಿನ ಉಬ್ಬಿದ ರಕ್ತನಾಳ ಒಡೆದು 76 ವರ್ಷದ ಮಹಿಳೆಯೊಬ್ಬರು ಮೃತಪಟ್ಟ ಪ್ರಕರಣ 2019ರಲ್ಲಿ ವೈದ್ಯಕೀಯ ನಿಯತಕಾಲಿಕದಲ್ಲಿ ವರದಿಯಾಗಿದೆ.

ಎರಗುವುದೇಕೆ?

ಹುಂಜದ ಈ ವರ್ತನೆ ದುಷ್ಟತನವಲ್ಲ. ಅದರ ಕಾವಲು ಕೆಲಸದ ಇನ್ನೊಂದು ಮುಖ. ಆಕಾಶದಲ್ಲಿ ಹದ್ದು ಸುಳಿದರೆ ಒಂದು ಬಗೆಯ ಕೂಗು, ನೆಲದ ಮೇಲೆ ಮುಂಗುಸಿ ಅಥವಾ ಕಾಡುಬೆಕ್ಕು ಬಂದರೆ ಮತ್ತೊಂದು ಬಗೆಯ ಕೂಗು ಹೊರಡಿಸಿ ಅದು ಹಿಂಡನ್ನು ಎಚ್ಚರಿಸುತ್ತದೆ. ಕಾಳು ಸಿಕ್ಕಿದರೆ ಹೇಂಟೆಗಳನ್ನು ಕರೆದು ತಿನ್ನಿಸುತ್ತದೆ. ಕೋಳಿಗಳಲ್ಲಿ ಮೇಲು-ಕೀಳಿನ ಕಟ್ಟುನಿಟ್ಟಾದ ಶ್ರೇಣಿ ಇರುವುದನ್ನು ನಾರ್ವೆಯ ವಿಜ್ಞಾನಿ ಥೋರ್ಲೀಫ್ ಷೆಲ್ಡರುಪ್-ಎಬ್ಬೆ 1920ರ ದಶಕದ ಆರಂಭದಲ್ಲಿಯೇ ವಿವರಿಸಿದ್ದರು. ಮನೆಯವರನ್ನೂ ಆ ಶ್ರೇಣಿಯ ಎದುರಾಳಿಗಳೆಂದು ಹುಂಜ ಭಾವಿಸಿದಾಗ ತೊಂದರೆ ಆರಂಭವಾಗುತ್ತದೆ.

ಸಾಮಾನ್ಯವಾಗಿ ಐದಾರು ತಿಂಗಳ ಪ್ರಾಯದಲ್ಲಿ, ಹುಂಜ ಬೆದೆಗೆ ಬರುವಾಗ, ಈ ಸ್ವಭಾವ ತಲೆದೋರುತ್ತದೆ. ಮರಿಯಾಗಿದ್ದಾಗ ಕೈಯಲ್ಲೇ ಮುದ್ದಾಗಿ ಬೆಳೆದ ಹುಂಜಕ್ಕೆ ಮನುಷ್ಯರ ಭಯವಿರುವುದಿಲ್ಲವಾದ್ದರಿಂದ ಅದು ಹೆಚ್ಚು ಧೈರ್ಯ ತೋರುತ್ತದೆ ಎಂಬುದು ಸಾಕಣೆದಾರರ ಅನುಭವ. ಹೇಂಟೆಗಳು ಕಡಿಮೆಯಿದ್ದು ಹುಂಜಗಳು ಹೆಚ್ಚಿದ್ದರೆ ಜಗಳ ಸಹಜ. ಒಂದು ಹುಂಜಕ್ಕೆ ಎಂಟರಿಂದ ಹತ್ತು ಹೇಂಟೆಗಳಿರುವುದು ಸೂಕ್ತ. ಇಕ್ಕಟ್ಟಾದ ಗೂಡು, ಹೊಸ ಕೋಳಿಗಳ ಆಗಮನ, ಮೈಮೇಲಿನ ಹೇನು, ಕಾಲಿನ ನೋವು ಸಹ ಕಾರಣವಾಗಬಹುದು.

ಅಂಕದ ತಳಿ

ತುಳುನಾಡಿನಲ್ಲಿ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಇಲ್ಲಿ 'ಕೋರಿ ಕಟ್ಟ' ಎಂದು ಕರೆಯಲಾಗುವ ಕೋಳಿ ಅಂಕಕ್ಕೆ ದೀರ್ಘ ಪರಂಪರೆಯಿದೆ. ಬಣ್ಣ ನೋಡಿ ಹುಂಜಗಳನ್ನು ಬೊಳ್ಳೆ, ಕೆಮ್ಮೈರೆ, ಉರಿಯೆ ಮುಂತಾಗಿ ಹೆಸರಿಸಿ, ಯಾವ ದಿನ ಯಾವುದಕ್ಕೆ ಗೆಲುವು ಎಂದು ಹೇಳುವ ಕುಕ್ಕುಟ ಪಂಚಾಂಗವೂ ಬಳಕೆಯಲ್ಲಿದೆ. ಕಾದಾಟಕ್ಕೆಂದೇ ತಲೆಮಾರುಗಳಿಂದ ಆಯ್ದು ಬೆಳೆಸಿದ ಹುಂಜಗಳ ರಕ್ತ ಊರಕೋಳಿಗಳಲ್ಲಿ ಬೆರೆತಿರುವೆಡೆ ಹಿತ್ತಿಲ ಹುಂಜವೂ ಮುಂಗೋಪಿಯಾಗಿರುವುದು ಅಚ್ಚರಿಯಲ್ಲ.

ಎರಗಿದಾಗ ಏನು ಮಾಡಬೇಕು?

ಓಡಬಾರದು. ಓಡಿದರೆ ತಾನು ಗೆದ್ದೆನೆಂದೇ ಹುಂಜ ತಿಳಿಯುತ್ತದೆ. ಮರುದಿನ ಇನ್ನಷ್ಟು ಧೈರ್ಯದಿಂದ ಬರುತ್ತದೆ. ಬೆನ್ನು ಹಾಕದೆ, ಬಗ್ಗದೆ, ನೆಟ್ಟಗೆ ನಿಂತು ಅದು ಹಿಂದೆ ಸರಿಯುವವರೆಗೆ ಕಾಯುವುದು ಒಳ್ಳೆಯದು. ಅಂಗಳಕ್ಕೆ ಇಳಿಯುವಾಗ ಕೈಯಲ್ಲಿ ಒಂದು ಅಡಿಕೆ ಹಾಳೆ ಅಥವಾ ಬುಟ್ಟಿ ಇದ್ದರೆ ಗುರಾಣಿಯಂತೆ ಅಡ್ಡ ಹಿಡಿಯಬಹುದು. ಗಾಳಿಗೆ ಪಟಪಟಿಸುವ ಲುಂಗಿ, ಮಕ್ಕಳ ಓಟ, ಬೀಸುವ ಪೊರಕೆ ಇವೆಲ್ಲ ಹುಂಜವನ್ನು ಕೆರಳಿಸುತ್ತವೆ.

ಒದೆಯುವುದು, ಕೋಲಿನಿಂದ ಬಡಿಯುವುದು ಪ್ರಯೋಜನಕಾರಿಯಲ್ಲ. ಪೆಟ್ಟನ್ನು ಹುಂಜ ಕಾದಾಟದ ಆಹ್ವಾನವೆಂದೇ ಸ್ವೀಕರಿಸುತ್ತದೆ. ಪ್ರಾಣಿಗಳನ್ನು ಹೊಡೆದು ಹಿಂಸಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು.

ಪಳಗಿಸುವ ಕ್ರಮ

ರಾತ್ರಿ ಗೂಡಿನಲ್ಲಿ ಕುಳಿತ ಹುಂಜ ಕತ್ತಲೆಯಲ್ಲಿ ಮಂಕಾಗಿರುತ್ತದೆ. ಆಗ ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು ಎತ್ತಿಕೊಂಡು, ಕೊಸರಾಟ ನಿಲ್ಲಿಸಿದ ಮೇಲಷ್ಟೇ ಕೆಳಗಿಳಿಸಬೇಕು. ದಿನವೂ ಹೀಗೆ ಮಾಡಿದರೆ ಹಲವು ಹುಂಜಗಳು ಮನುಷ್ಯರ ಕೈಗೆ ಒಗ್ಗಿಕೊಳ್ಳುತ್ತವೆ. ಕಾಳು ಹಾಕುವವರು ಬದಲಾಗುತ್ತಿದ್ದರೆ ಮನೆಯ ಎಲ್ಲ ದೊಡ್ಡವರಿಗೂ ಹುಂಜ ಹೊಂದಿಕೊಳ್ಳುತ್ತದೆ. ಎರಡು ಹುಂಜಗಳಿದ್ದರೆ ಒಂದನ್ನು ಬೇರೆ ಗೂಡಿಗೆ ಹಾಕುವುದು ಅಗತ್ಯ. ಮಕ್ಕಳು ಅಂಗಳದಲ್ಲಿ ಆಡುವ ಹೊತ್ತಿಗೆ ಹುಂಜವನ್ನು ಕೂಡಿಹಾಕುವುದನ್ನು ಮಾತ್ರ ಎಂದೂ ಮರೆಯಬಾರದು.

ಕಾಲಿನ ಮುಳ್ಳಿನ ಒಳಗೆ ಮೂಳೆಯೂ ರಕ್ತನಾಳವೂ ಇವೆ. ಹೊರಗಿರುವುದು ಉಗುರಿನಂಥ ಕವಚ. ಆದ್ದರಿಂದ ತುದಿಯನ್ನಷ್ಟೇ ಅರದಿಂದ ಉಜ್ಜಿ ಮೊಂಡಾಗಿಸಬೇಕು. ಬುಡದಲ್ಲಿ ಕತ್ತರಿಸಿದರೆ ರಕ್ತಸ್ರಾವವಾಗುತ್ತದೆ. ಅಭ್ಯಾಸವಿಲ್ಲದವರು ಪಶುವೈದ್ಯರ ನೆರವು ಪಡೆಯುವುದು ಲೇಸು.

ಗಾಯವಾದರೆ

ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಮುಳ್ಳಿನ ಗಾಯ ಹೊರಗೆ ಚಿಕ್ಕದಾಗಿ ಕಂಡರೂ ಆಳವಾಗಿರುತ್ತದೆ. ಅದಕ್ಕೆ ಮಣ್ಣು, ಹಿಕ್ಕೆ ಅಂಟಿರುತ್ತದೆ. ಹೀಗಾಗಿ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ವಿಚಾರಿಸಬೇಕು. ರೇಬೀಸ್ ಸಸ್ತನಿಗಳ ರೋಗವಾದ್ದರಿಂದ ಹುಂಜ ಕುಕ್ಕಿದರೆ ಆ ಭಯ ಬೇಡ. ಕಣ್ಣಿಗೆ ಪೆಟ್ಟಾದರೆ ಮನೆಮದ್ದು ಮಾಡದೆ ತಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಮಧುಮೇಹಿಗಳು ಮತ್ತು ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ವಿಶೇಷ ಎಚ್ಚರ ವಹಿಸಬೇಕು.

ಕೊನೆಯ ತೀರ್ಮಾನ

ಕೆಲವು ವಾರ ಪ್ರಯತ್ನಿಸಿದರೂ ಹುಂಜ ಪಳಗದಿದ್ದರೆ ಅದನ್ನು ಉಳಿಸಿಕೊಳ್ಳುವ ಅನಿವಾರ್ಯವೇನೂ ಇಲ್ಲ. ಹುಂಜವಿಲ್ಲದೆಯೂ ಹೇಂಟೆಗಳು ಮೊಟ್ಟೆಯಿಡುತ್ತವೆ; ಮರಿ ಬೇಕೆಂದಾದರೆ ಮಾತ್ರ ಹುಂಜ ಬೇಕು. ಅದರ ಮರಿಗಳೂ ಅದೇ ಗುಣ ಪಡೆಯಬಹುದಾದ್ದರಿಂದ ಸೌಮ್ಯ ಸ್ವಭಾವದ ಇನ್ನೊಂದು ಹುಂಜವನ್ನು ತಂದುಕೊಳ್ಳುವುದು ಹಿಂಡಿನ ಮುಂದಿನ ತಲೆಮಾರಿಗೂ ಒಳಿತು. ಹಳೆಯದರ ಹಾದಿ ಹಲವು ಮನೆಗಳಲ್ಲಿ ಅಡುಗೆಮನೆಯತ್ತ ಸಾಗುತ್ತದೆ. ಬಲಿತ ಹುಂಜದ ಮಾಂಸ ಬೇಯಲು ಹೆಚ್ಚು ಹೊತ್ತು ಬೇಕಷ್ಟೆ.

ಆದರೆ ಅಂಕದವರಿಗೆ ಮಾರುವ ಆಸೆಗೆ ಬೀಳಬಾರದು. ಮನೆಯವರಿಗೆ ಬೇಡವಾದ ಸಿಟ್ಟೇ ಅಲ್ಲಿ ಬೆಲೆ ತರುವ ಗುಣ. ಪ್ರಾಣಿಗಳನ್ನು ಕಾದಾಟಕ್ಕೆ ಪ್ರಚೋದಿಸುವುದನ್ನೂ ಅದಕ್ಕಾಗಿ ಜಾಗ ನಡೆಸುವುದನ್ನೂ 1960ರ ಕಾಯ್ದೆ ನಿಷೇಧಿಸಿದೆ. ರಾಜ್ಯ ವಿಧಾನಮಂಡಲ 2017ರಲ್ಲಿ ಅಂಗೀಕರಿಸಿದ ತಿದ್ದುಪಡಿ ಕಂಬಳ ಮತ್ತು ಎತ್ತುಗಳ ಓಟಕ್ಕೆ ವಿನಾಯಿತಿ ನೀಡಿತೇ ಹೊರತು ಕೋಳಿ ಅಂಕಕ್ಕಲ್ಲ. ತೆಲಂಗಾಣದ ಜಗಿತ್ಯಾಲ ಜಿಲ್ಲೆಯಲ್ಲಿ 2021ರ ಫೆಬ್ರವರಿಯಲ್ಲಿ ಅಂಕಕ್ಕೆ ಸಿದ್ಧಪಡಿಸಿದ್ದ ಹುಂಜದ ಕಾಲಿನ ಕತ್ತಿ ತಾಗಿ ಅದರ ಮಾಲೀಕನೇ ಸಾವನ್ನಪ್ಪಿದ್ದ. ಅಂಗಳದಲ್ಲಿ ಮಗುವಿಗೆ ಅಪಾಯವೆಂದು ಹೊರಹಾಕಿದ ಹುಂಜವನ್ನು ಕಾಲಿಗೆ ಕತ್ತಿ ಕಟ್ಟುವವರ ಕೈಗೆ ಒಪ್ಪಿಸಿದರೆ ಅಪಾಯ ನೀಗುವುದಿಲ್ಲ, ಸ್ಥಳ ಬದಲಾಯಿಸುತ್ತದೆ.