ಸಾರುವುದರಿಂದ ಕಾಣುವುದರೆಡೆಗೆ: ಇಂಗ್ಲಿಷಿನ ‘ಡಿಸ್ಕ್ರೈ’ ಕ್ರಿಯಾಪದದ ಅರ್ಥಚರಿತ್ರೆ

ಇಂದಿನ ಇಂಗ್ಲಿಷ್ ಆಡುಮಾತಿನಿಂದ ಬಹುಮಟ್ಟಿಗೆ ಮರೆಯಾಗಿ ಸಾಹಿತ್ಯಕ ಬರವಣಿಗೆಯಲ್ಲಿ ಮಾತ್ರ ಉಳಿದಿರುವ ‘ಡಿಸ್ಕ್ರೈ’ ಎಂಬ ಕ್ರಿಯಾಪದಕ್ಕೆ ‘ದೂರದಲ್ಲಿರುವ ಅಥವಾ ಮಸುಕಾಗಿರುವ ವಸ್ತುವನ್ನು ಕಂಡು ಗುರುತಿಸು’ ಎಂಬುದು ಅರ್ಥ. ಕನ್ನಡದಲ್ಲಿ ‘ನೋಡು’ ಎಂಬುದು ಕರ್ತೃವಿನ ಪ್ರಯತ್ನವನ್ನೂ ‘ಕಾಣು’ ಎಂಬುದು ಅನುಭವವನ್ನೂ ಮುಖ್ಯವಾಗಿ ಸೂಚಿಸುತ್ತವೆ. ‘ಡಿಸ್ಕ್ರೈ’ ಪ್ರಯತ್ನ ಮತ್ತು ಫಲಗಳೆರಡನ್ನೂ ಒಂದೇ ಪದದಲ್ಲಿ ಹಿಡಿದಿಡುತ್ತದೆ. ಇಂಥ ದೃಷ್ಟಿವಾಚಕವು ಮೂಲದಲ್ಲಿ ಕಣ್ಣಿಗಲ್ಲ, ಬಾಯಿಗೆ ಸೇರಿದ್ದಾಗಿತ್ತು ಎಂಬುದೇ ಇಲ್ಲಿನ ವಿಚಾರಣೀಯ ಅಂಶ.

ಇದರ ಮೂಲ ಹಳೆಯ ಫ್ರೆಂಚಿನ ‘ದೆಸ್ಕ್ರಿಯೇರ್’. ಅರ್ಥ ‘ಸಾರು, ಘೋಷಿಸು’. ಅದರೊಳಗಿನ ‘ಕ್ರಿಯೇರ್’ ಧಾತುವು ಲ್ಯಾಟಿನ್ನಿನ ‘ಕ್ವಿರಿತಾರೆ’ಯಿಂದ ಬಂದದ್ದು. ರೋಮನ್ ವಿದ್ವಾಂಸ ವಾರೊ ಇದನ್ನು ‘ಕ್ವಿರೀತೆಸ್’, ಅಂದರೆ ರೋಮ್ ಪೌರರನ್ನು ನೆರವಿಗೆ ಕೂಗುವುದು ಎಂದು ವಿವರಿಸಿದನು. ಇಂದಿನ ವಿದ್ವಾಂಸರಲ್ಲಿ ಹಲವರು ಅದನ್ನು ಅನುಕರಣಪದವೆಂದೇ ಬಗೆಯುತ್ತಾರೆ. ಮಧ್ಯಕಾಲೀನ ಇಂಗ್ಲಿಷಿಗೆ ಬಂದ ಮೇಲೆ ಈ ಕ್ರಿಯಾಪದಕ್ಕೆ ‘ಬಯಲುಮಾಡು’ ಎಂಬ ಅರ್ಥವೂ ‘ಕಂಡುಹಿಡಿ’ ಎಂಬ ಅರ್ಥವೂ ಒದಗಿದವು.

ಈ ಪಲ್ಲಟಕ್ಕೆ ಎರಡು ವಿವರಣೆಗಳುಂಟು. ಮೊದಲನೆಯದು ಪದಗಳ ಬೆರಕೆ: ಲ್ಯಾಟಿನ್ನಿನ ‘ದೆಸ್ಕ್ರೀಬೆರೆ’ಯಿಂದ ಬಂದ, ‘ವರ್ಣಿಸು’ ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದೊಡನೆ ಇದು ರೂಪಸಾಮ್ಯದಿಂದ ಕಲೆತುಹೋಯಿತು. ಬೆರಕೆ ನಡೆದುದು ನಿಜ. ಆದರೆ ವರ್ಣನೆಯೂ ಮಾತಿನ ವ್ಯಾಪಾರವೇ ಆದುದರಿಂದ ಕಾಣ್ಕೆಯ ಅರ್ಥ ಅದರಿಂದ ತಾನಾಗಿ ಹುಟ್ಟದು. ಎರಡನೆಯದು ಸನ್ನಿವೇಶಮೂಲವಾದದ್ದು: ಕಾವಲಿನವನು ಶತ್ರುವನ್ನು ಕಂಡು ಕೂಗುತ್ತಾನೆ. ಕೂಗನ್ನು ಕೇಳಿದವರು ಮೊದಲು ಊಹಿಸುವುದು ಅವನು ಏನನ್ನೋ ಕಂಡನೆಂಬುದನ್ನೇ. ಈ ಊಹೆಯೇ ಕ್ರಮೇಣ ವಾಚ್ಯಾರ್ಥವಾಯಿತು ಎಂಬುದು ಹೆಚ್ಚು ಸಮಂಜಸ.

ಮಿಲ್ಟನ್ನನ ಪ್ರಯೋಗಗಳು ಇದಕ್ಕೆ ಬೆಳಕು ಚೆಲ್ಲುತ್ತವೆ. 1634ರಲ್ಲಿ ಪ್ರದರ್ಶಿತವಾದ ‘ಕಾಮಸ್’ ರೂಪಕದಲ್ಲಿ ಉಷೆಯು ಪೂರ್ವದಿಕ್ಕಿನ ಬೇಹಿನವಳಂತೆ ಕಿಂಡಿಯಿಂದ ಇಣುಕಿ, ಕಂಡ ಗುಟ್ಟನ್ನು ಸೂರ್ಯನಿಗೆ ಹೇಳಿಬಿಡುವ ಭಯವಿದೆ. ಆ ಹೇಳುವಿಕೆಗೆ ಬಳಸಿರುವುದು ಇದೇ ಕ್ರಿಯಾಪದ. 1667ರ ‘ಪ್ಯಾರಡೈಸ್ ಲಾಸ್ಟ್’ನಲ್ಲಿ ಗೆಲಿಲಿಯೊ ದೂರದರ್ಶಕದಿಂದ ಚಂದ್ರನ ಮೇಲೆ ಹೊಸ ನೆಲಗಳನ್ನು ಅರಸಿ ಕಾಣುವುದಕ್ಕೂ ಇದೇ ಪದ. ಕಾಣ್ಕೆಯ ಅರ್ಥ ಮಿಲ್ಟನ್ನನಿಗಿಂತ ಬಹು ಹಿಂದಿನದು. ಆದುದರಿಂದ ಈ ಪ್ರಯೋಗಗಳು ಪಲ್ಲಟದ ಆರಂಭಬಿಂದುವಲ್ಲ. ಹಳೆಯ ಮತ್ತು ಹೊಸ ಅರ್ಥಗಳು ಒಬ್ಬನೇ ಕವಿಯಲ್ಲಿ ಪದರಗಳಾಗಿ ಜೊತೆಗೂಡಿ ಬಾಳಿದುದಕ್ಕೆ ಅವು ಸಾಕ್ಷಿ. ಅಲ್ಲದೆ ಮೊದಲ ಪ್ರಯೋಗದಲ್ಲಿ ಇಣುಕುವುದೂ ಹೇಳುವುದೂ ಒಬ್ಬಳದೇ ಕೆಲಸವಾಗಿದ್ದು, ಕಾವಲಿನವನ ಸನ್ನಿವೇಶವೇ ಮರುಕಳಿಸಿದೆ.

ಇದೇ ಮೂಲದ ಉಳಿದೆರಡು ಪದಗಳ ದಾರಿ ಬೇರೆ. ಹದಿನೇಳನೆಯ ಶತಮಾನದಲ್ಲಿ ಫ್ರೆಂಚಿನಿಂದ ಮತ್ತೆ ಎರವಲಾದ ‘ಡಿಕ್ರೈ’ ಮಾತಿನ ಪಕ್ಷದಲ್ಲೇ ನಿಂತಿತು: ನಾಣ್ಯದ ಬೆಲೆ ತಗ್ಗಿತೆಂದು ಸಾರುವುದರಿಂದ ಅದು ‘ಹೀಗಳೆ’ ಎಂಬ ಅರ್ಥಕ್ಕೆ ಬಂದಿತು. ‘ಡಿಸ್ಕ್ರೈ’ಯ ಮೊದಲಕ್ಷರ ಸವೆದು ಆದ ‘ಸ್ಕ್ರೈ’ ಸ್ಫಟಿಕದಲ್ಲಿ ಭವಿಷ್ಯ ನೋಡುವುದಕ್ಕೆ ಸೀಮಿತವಾಯಿತು. 1580ರ ದಶಕದಲ್ಲಿ ಎಡ್ವರ್ಡ್ ಕೆಲಿ ಸ್ಫಟಿಕದಲ್ಲಿ ಕಂಡೆನೆಂದು ಹೇಳಿದ್ದನ್ನು ಜಾನ್ ಡೀ ಬರೆದಿಟ್ಟುಕೊಂಡನು. ಕಾಣುವುದೂ ಸಾರುವುದೂ ಆ ವೃತ್ತಿಯಲ್ಲಿ ಒಟ್ಟಿಗೇ ಉಳಿದವು.

ಈವ್ ಸ್ವೀಟ್ಸರ್ 1990ರ ತಮ್ಮ ಗ್ರಂಥದಲ್ಲಿ ದೃಷ್ಟಿವಾಚಕಗಳು ಜ್ಞಾನವಾಚಕಗಳಾಗುವುದನ್ನು ರೂಪಕದ ನೆಲೆಯಲ್ಲಿ ವಿವರಿಸಿದರು. ‘ಡಿಸ್ಕ್ರೈ’ ಆ ಮಾರ್ಗದ ಆರಂಭಕ್ಕೂ ಹಿಂದಿನ ಒಂದು ಮೆಟ್ಟಿಲನ್ನು ತೋರುತ್ತದೆ. ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಇದು ಸಾದೃಶ್ಯವನ್ನು ಆಶ್ರಯಿಸಿದ ಗೌಣೀ ಲಕ್ಷಣೆಯಲ್ಲ, ಅನ್ಯಸಂಬಂಧವನ್ನು ಆಶ್ರಯಿಸಿದ ಶುದ್ಧಾ ಲಕ್ಷಣೆ. ಆದಕಾರಣ ದೃಷ್ಟಿವಾಚಕಗಳ ಇತಿಹಾಸ ಬರೆಯುವವರು ಆ ಪದಗಳು ಮುಂದೆ ಏನಾದವು ಎಂಬುದರೊಡನೆ, ಯಾವ ಸನ್ನಿವೇಶದಿಂದ ಹೊರಟವು ಎಂಬುದನ್ನೂ ಶೋಧಿಸಬೇಕು. ದೂರ ಮತ್ತು ಮಸುಕು ಇಂದಿಗೂ ಈ ಕ್ರಿಯಾಪದದ ಅರ್ಥಾಂಶಗಳಾಗಿ ಉಳಿದಿರುವುದರಲ್ಲಿ ಕಾವಲಿನವನು ನಿಂತಿದ್ದ ಎತ್ತರದ ನೆನಪು ಇನ್ನೂ ಅಳಿಸಿಲ್ಲವೆಂದು ತೋರುತ್ತದೆ.